ಉಚ್ಚಾರವಿಲ್ಲದ ಪ

ಹೊಸ ಜೀನ್ಸ್ ಬಟ್ಟೆಗೆ ಒಂದು ವಾಸನೆ ಇರುತ್ತದೆ. ಒಮ್ಮೆ ನೀರಿಗೆ ಬಿದ್ದರೆ ಹೋಗಿಬಿಡುವ ವಾಸನೆ ಅದು. ಗಂಜಿಯ ಹುಳಿ, ನೀಲಿ ಬಣ್ಣದ ಒಗರು, ಹೊಲಿಗೆ ಮಷಿನ್ನಿನ ಎಣ್ಣೆ ಎಲ್ಲ ಕಲಸಿಕೊಂಡು ಮೂಗಿನ ತುದಿಯಲ್ಲಿ ನಿಲ್ಲುತ್ತದೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬೆಳೆದವರಿಗೆ ಅದನ್ನು ವರ್ಣಿಸಿ ಹೇಳಬೇಕಾಗಿಲ್ಲ. ನಮ್ಮ ಊಟದ ತಟ್ಟೆಯಲ್ಲಿ, ಹಾಸಿಗೆಯಲ್ಲಿ, ಅವ್ವನ ಸೆರಗಿನಲ್ಲಿ ಅದೇ ಇತ್ತು. ಮೊನ್ನೆ ಸಂಜೆ ತರಕಾರಿ ತರಲು ಹೋದವಳು, ಯಾರದೋ ಮನೆಯ ಮುಂದೆ ಆಟೋದಿಂದ ಬಟ್ಟೆಯ ಥಾನುಗಳನ್ನು ಇಳಿಸುವುದನ್ನು ಕಂಡೆ. ಒಂದು ಥಾನು ಜಾರಿ ಬಿದ್ದು ಬಿಚ್ಚಿಕೊಂಡಿತು. ಆ ವಾಸನೆ ಬಂದದ್ದೇ ನಾನು ಚೀಲ ಹಿಡಿದುಕೊಂಡು ದಾರಿಯ ನಡುವೆ ನಿಂತುಬಿಟ್ಟೆ. ಹಿಂದಿನಿಂದ ಒಬ್ಬರು ಹಾರ್ನ್ ಹೊಡೆದರು. ನಿಮಗೂ ಹೀಗೆ ಎಲ್ಲೋ ಒಂದು ಕಡೆ ಆಗಿರುತ್ತದೆ. ಇಲ್ಲದ ಮನೆಯೊಂದರ ಬಾಗಿಲು ಸುಮ್ಮನೆ ತೆರೆದುಕೊಂಡುಬಿಡುತ್ತದೆ, ಒಳಗೆ ಹೋಗಲು ಮಾತ್ರ ಆಗುವುದಿಲ್ಲ.

ನಮ್ಮ ಮನೆಯ ಪಡಸಾಲೆಯೇ ನಮ್ಮ ಕಾರ್ಖಾನೆ. ಅಪ್ಪ ಕಟಿಂಗ್ ಮಾಡುತ್ತಿದ್ದ. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ದೊಡ್ಡ ಕತ್ತರಿಯಲ್ಲಿ ಒಂದೇ ಉಸಿರಿಗೆ ಕತ್ತರಿಸುತ್ತಿದ್ದ. ಅವ್ವ ಮತ್ತು ಓಣಿಯ ಇಬ್ಬರು ಹೆಂಗಸರು ಹೊಲಿಯುತ್ತಿದ್ದರು. ಕಿಟಕಿಯ ಹತ್ತಿರದ ಮಷಿನ್ನು ಅತ್ತೆಯದು. ಚೆನ್ನತ್ತೆ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ಕುರುಗೋಡಿನಲ್ಲಿದ್ದ ತವರಿಗೆ ಬಂದು, ಅಲ್ಲಿಂದ ತಮ್ಮನ ಜೊತೆ ಬಳ್ಳಾರಿಗೆ ಬಂದವಳು. ಮಕ್ಕಳ ಜೀನ್ಸಿನ ಹಿಂಜೇಬಿನ ಮೇಲೆ ಬಣ್ಣದ ದಾರದಲ್ಲಿ ಹೂವು, ಕಾರು, ಗಿಳಿ ಮೂಡಿಸುವುದು ಅವಳ ಕೆಲಸ. ಹಣೆಯ ಮೇಲೆ ವಿಭೂತಿ, ತುಟಿಯ ನಡುವೆ ಒಂದು ದಾರದ ಎಳೆ. ದಾರ ಕಚ್ಚಿಕೊಂಡೇ ಮಾತಾಡುತ್ತಿದ್ದಳಾದ್ದರಿಂದ ಅವಳ ಮಾತೆಲ್ಲ ಹಲ್ಲಿನ ಸಂದಿಯಿಂದ ಬರುತ್ತಿತ್ತು. ಕರೆಂಟು ಹೋದಾಗ ಮಷಿನ್ನುಗಳೆಲ್ಲ ಒಮ್ಮೆಲೇ ನಿಂತು, ಮನೆಯಲ್ಲಿ ಒಂದು ಮೌನ ಬೀಳುತ್ತಿತ್ತು. ನನ್ನ ತಂಗಿಗೆ ಆ ಮೌನವೆಂದರೆ ಭಯ. ಮಷಿನ್ನುಗಳ ಗದ್ದಲದಲ್ಲಿ ಅವಳ ಮಾತು ಯಾರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ, ಅದು ಅವಳಿಗೆ ಹಿತವಾಗಿತ್ತು.

ತಂಗಿಯ ಹೆಸರು ಪಾರ್ವತಿ, ಮನೆಯಲ್ಲಿ ಪಾರಿ. ಅವಳು ಉಗ್ಗುತ್ತಿದ್ದಳು. ಎಲ್ಲ ಅಕ್ಷರಕ್ಕೂ ಅಲ್ಲ. ಕ, ತ, ಅದಕ್ಕಿಂತ ಹೆಚ್ಚಾಗಿ ಪ. ಪ ಬಂತೆಂದರೆ ತುಟಿಗಳು ಅಂಟಿಕೊಂಡು, ಕತ್ತಿನ ನರ ಉಬ್ಬಿ, ಕಣ್ಣು ಮೇಲಕ್ಕೆ ಹೋಗಿ, ಒಳಗೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಹೀಗಾಗಿ ಈ ಲೋಕದಲ್ಲಿ ಅವಳಿಗೆ ಹೇಳಲು ಅತಿ ಕಷ್ಟವಾದ ಮಾತು ಅವಳ ಹೆಸರೇ. ಸಾಲೆಯಲ್ಲಿ ಹಾಜರಿ ಕರೆಯುವಾಗ ‘ಪ್ರೆಸೆಂಟ್ ಮಿಸ್’ ಎನ್ನಬೇಕಿತ್ತು. ಅಲ್ಲೂ ಪ. ಅವಳು ತುಟಿ ಬಿಗಿದುಕೊಂಡು ಒದ್ದಾಡುವಷ್ಟರಲ್ಲಿ ಟೀಚರು ಮುಂದಿನ ಹೆಸರಿಗೆ ಹೋಗಿರುತ್ತಿದ್ದರು. ಬೆಂಚಿನ ಮೇಲೆ ಕೂತಿದ್ದವಳು ಗೈರುಹಾಜರಿ. ನಾವು ರಜೆಗೆ ಹೋದಾಗಲೆಲ್ಲ ಕುರುಗೋಡಿನ ಅಜ್ಜಿ ಜೇನುತುಪ್ಪದಲ್ಲಿ ಬಜೆಬೇರು ತೇಯ್ದು ಅವಳ ನಾಲಗೆಗೆ ಹಚ್ಚುತ್ತಿದ್ದಳು. ದೊಡ್ಡಬಸವಣ್ಣನ ಗುಡಿಗೆ ಕರೆದುಕೊಂಡು ಹೋಗಿ, ಆ ಕಲ್ಲಿನ ಬಸವಣ್ಣನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಬಜೆಯ ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ ಪಾರಿ ಗುಡಿಯ ಕಟ್ಟೆಯ ಮೇಲೆ ಕೂತು, ಎದುರಿನ ಬಂಡೆಗುಡ್ಡಗಳನ್ನು ನೋಡುತ್ತಿದ್ದಳು. ಯಾವುದೋ ದೊಡ್ಡ ಪ್ರಾಣಿಗಳು ಬೆನ್ನು ತಿರುಗಿಸಿ ಮಲಗಿವೆ, ಎಬ್ಬಿಸಬಾರದು ಎಂದು ಅವಳು ನನಗೆ ಕಿವಿಯಲ್ಲಿ ಹೇಳಿದ್ದಳು. ಪಿಸುಮಾತಿನಲ್ಲಿ ಅವಳಿಗೆ ಅಷ್ಟು ಉಗ್ಗು ಬರುತ್ತಿರಲಿಲ್ಲ.

ಅವಳು ಮೂರನೆಯ ತರಗತಿಯಲ್ಲಿದ್ದಾಗ ಹೈದರಾಬಾದಿನ ವ್ಯಾಪಾರಿಯೊಬ್ಬ ಮಕ್ಕಳ ಜೀನ್ಸಿಗೆ ಹೊಸ ಚಿತ್ರಗಳನ್ನು ಕೊಟ್ಟು ಹೋದ. ಆಗ ಎಲ್ಲೆಲ್ಲೂ ಡೈನೋಸಾರುಗಳ ಹುಚ್ಚು. ಬಬಲ್‌ಗಮ್ಮಿನ ಕಾಗದದಲ್ಲೂ ಅವೇ, ಕಂಪಾಸ್ ಪೆಟ್ಟಿಗೆಯ ಮೇಲೂ ಅವೇ. ಪ್ರತಿ ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಹೆಸರಿತ್ತು. ಆ ಹೆಸರನ್ನೂ ದಾರದಲ್ಲಿ ಹೊಲಿಯಬೇಕು ಎಂದಿದ್ದ. ಅತ್ತೆಗೆ ಇಂಗ್ಲಿಷ್ ಅಕ್ಷರವೂ ಒಂದು ಚಿತ್ರವೇ. ಒಂದು ಅಕ್ಷರ ಬಿಟ್ಟುಹೋದರೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಸಾಲೆ ಬಿಟ್ಟು ಬಂದ ಮೇಲೆ ನಾನೂ ಪಾರಿಯೂ ಅವಳ ಎರಡು ಪಕ್ಕದಲ್ಲಿ ಕೂತು, ಅಕ್ಷರ ಕೂಡಿಸಿ ಓದುತ್ತ ಸರಿನೋಡಬೇಕಾಯಿತು. ಕನ್ನಡ ಸಾಲೆಯ ಮಕ್ಕಳು ನಾವು. ನಾನು ಗಟ್ಟಿಯಾಗಿ, ತಪ್ಪುತಪ್ಪಾಗಿ ಓದುತ್ತಿದ್ದೆ. ಅಪ್ಪ ಕತ್ತರಿ ಆಡಿಸುತ್ತಲೇ ನಗುತ್ತಿದ್ದ. ಅತ್ತೆಗೆ ‘ಸಾರಸ್’ ಎಂಬುದು ‘ಸಾರು’ ಎಂದು ಕೇಳಿಸುತ್ತಿತ್ತು.

“ಎಲ್ಲಾಕ್ಕೂ ಕಡಿಗಿ ಸಾರು ಯಾಕ ಹಚ್ಯಾರಲೇ ಇವರು,” ಎಂದು ಅವಳು ದಾರ ಕಚ್ಚಿಕೊಂಡೇ ಕೇಳಿದಳು. “ಬ್ಯಾಳಿ ಸಾರು, ಹುರುಳಿ ಸಾರು ಇದ್ದಂಗ.”

ನಮ್ಮ ಮಾಳಿಗೆಯ ಮೇಲಿನ ಕೋಣೆಯಲ್ಲಿ ಸರೋಜಾ ಮೇಡಂ ಬಾಡಿಗೆಗಿದ್ದರು. ಅನಂತಪುರದ ಕಡೆಯವರು. ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುತ್ತಿದ್ದರು. ಕನ್ನಡವನ್ನು ತೆಲುಗಿನ ರಾಗದಲ್ಲಿ ಆಡುತ್ತಿದ್ದರು. ನಮ್ಮ ಓದು ಮೆಟ್ಟಿಲ ಮೇಲಿನಿಂದ ಕೇಳಿಸಿಕೊಂಡು ಒಂದು ದಿನ ಕೆಳಗೆ ಬಂದು, ಅತ್ತೆಯ ಮಷಿನ್ನಿನ ಪಕ್ಕದಲ್ಲಿ ಬಟ್ಟೆಯ ಗಂಟಿನ ಮೇಲೆ ಕೂತರು. ಹೆಸರು ಉದ್ದವಾದರೆ ಹೆದರಬಾರದು, ಅದನ್ನು ರೊಟ್ಟಿಯ ಹಾಗೆ ಮುರಿದುಕೊಳ್ಳಬೇಕು ಎಂದರು. ಸಾರಸ್ ಎಂದರೆ ಹಲ್ಲಿ. ಸ್ಟೆಗೊ ಎಂದರೆ ಚಾವಣಿ, ಬೆನ್ನ ಮೇಲೆ ಹೆಂಚು ಹೊದ್ದ ಹಲ್ಲಿ. ಬ್ರೇಕಿಯೊ ಎಂದರೆ ತೋಳು. ಟ್ರೈ ಮೂರು, ಸೆರಾಟ್ ಕೊಂಬು, ಆಪ್ಸ್ ಮುಖ. ಹೇಳುತ್ತ ಹೇಳುತ್ತ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿದರು, ಒಂದು ತುಂಡಿಗೆ ಒಂದು ಪೆಟ್ಟು. ನಾನು ಹೇಳಿದೆ. ಅತ್ತೆ ಹೇಳಲು ಹೋಗಿ ದಾರ ನುಂಗಿ ಕೆಮ್ಮಿದಳು. ಆಮೇಲೆ ಪಾರಿಯ ಬೆರಳು ಅವಳ ಲಂಗದ ಮೇಲೆ ಆಡಿತು.

“ಟ್ರೈ-ಸೆ-ರಾ-ಟಾಪ್ಸ್,” ಎಂದಳು.

ಒಂದು ಕಡೆಯೂ ನಿಲ್ಲಲಿಲ್ಲ. ಕರೆಂಟು ಹೋಗಿರಲಿಲ್ಲ, ಆದರೂ ಮಷಿನ್ನುಗಳು ಒಂದೊಂದಾಗಿ ನಿಂತವು. ಅವ್ವ ಪೆಡಲಿನಿಂದ ಕಾಲು ತೆಗೆದಿದ್ದಳು. ಇನ್ನೊಮ್ಮೆ ಹೇಳು ಎಂದ ಅಪ್ಪ. ಹೇಳಿದಳು. ಮುಂದಿನದನ್ನು ಹೇಳಿದಳು, ಅದರ ಮುಂದಿನದನ್ನೂ. ಡಿ-ಪ್ಲಾ-ಡ-ಕಸ್. ಆಂ-ಕಿ-ಲೊ-ಸಾ-ರಸ್. ತನ್ನ ಮನೆಯಲ್ಲಿ ನೀರು ಕೇಳಲು ತಡವರಿಸುತ್ತಿದ್ದ ಹುಡುಗಿ ಕೋಟ್ಯಂತರ ವರ್ಷದ ಹಿಂದಿನ ಪ್ರಾಣಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಅಪ್ಪ ಕತ್ತರಿಯನ್ನು ಬಟ್ಟೆಯ ಮೇಲೆ ಇಟ್ಟು, ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ಆ ರಾತ್ರಿ ಊಟಕ್ಕೆ ಅವ್ವ ಹೋಳಿಗೆ ಮಾಡಿದಳು.

ಅವುಗಳಲ್ಲಿ ಒಂದು ಹೆಸರು ಮಾತ್ರ ಪಾರಿಯನ್ನು ಅಂಜಿಸಿತ್ತು. ರೆಕ್ಕೆ ಬಿಚ್ಚಿದ ಒಂದು ಪ್ರಾಣಿಯ ಕೆಳಗಿನ ಹೆಸರು ‘ಪಿ’ ಅಕ್ಷರದಿಂದ ಶುರುವಾಗುತ್ತಿತ್ತು. ನಾನು ಅದನ್ನು ‘ಪಿಟೆರೊ’ ಎಂದು ಓದುತ್ತಿದ್ದೆ. ಅವಳು ಆ ಚಿತ್ರ ಬಂದಾಗ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದಳು. ಮೇಡಂ ನಕ್ಕು, ಅದು ಟೆರೊಡ್ಯಾಕ್ಟಿಲ್, ಮೊದಲ ಅಕ್ಷರ ಬರೆಯಬೇಕು, ಹೇಳಬಾರದು ಎಂದರು. ಪಾರಿಗೆ ನಂಬಿಕೆ ಬರಲಿಲ್ಲ. ಚಿತ್ರವನ್ನು ಕೈಗೆ ತೆಗೆದುಕೊಂಡು ಆ ಅಕ್ಷರದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಮಲಗುವಾಗ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

“ಅಕ್ಕಾ, ನನ್ನ ಹೆಸರಾಗಿಂದೂ ಅನ್ನಬಾರದು ಅಂತ ಇದ್ದಿದ್ರ ಎಷ್ಟ್ ಚಲೋ ಇರ್ತಿತ್ತು. ಬರಿಯಾಕ ಇರ್ಲಿ. ಅನ್ನಾಕ ಬ್ಯಾಡ.”

ಮರುದಿನ ಸಾಲೆಯಲ್ಲಿ ಹಾಜರಿ ಕರೆದಾಗ ಅವಳು ‘ರೆಸೆಂಟ್ ಮಿಸ್’ ಎಂದಳಂತೆ. ತರಗತಿ ನಕ್ಕಿತು. ಟೀಚರು ನಗಲಿಲ್ಲ, ಹಾಜರಿ ಹಾಕಿದರು. ವರ್ಷವಿಡೀ ಅವಳು ಹಾಗೆಯೇ ಹಾಜರಾದಳು.

ಹೆಸರುಗಳ ಹಿಂದೆಯೇ ಪ್ರಾಣಿಗಳೂ ನಮ್ಮ ಮನೆಗೆ ಬಂದವು. ಮೇಡಂ ಸಂಜೆ ಸಂಜೆ ಹೇಳುತ್ತಿದ್ದರು. ಇವುಗಳಲ್ಲಿ ಬಹಳಷ್ಟು ಸೊಪ್ಪು ತಿಂದು ಬದುಕಿದಂಥವು. ಟೆರೊಡ್ಯಾಕ್ಟಿಲ್ ಡೈನೋಸಾರೇ ಅಲ್ಲ, ಅದು ಬೇರೆ ಕುಲ. ನಮ್ಮ ಹಿತ್ತಲಿನ ಆಚೆ ಸಾಬರ ಮನೆಯ ಕೋಳಿ ಮಾತ್ರ ಅವುಗಳ ಖಾಸಾ ವಂಶದ್ದು. ಅದನ್ನು ಕೇಳಿದ ಮೇಲೆ ಪಾರಿ ಆ ಕೋಳಿಗಳಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದಳು. ವ್ಯಾಪಾರಿಯ ಚಿತ್ರದಲ್ಲಿ ಸ್ಟೆಗೊಸಾರಸ್ಸೂ ಟೈರನೊಸಾರಸ್ಸೂ ಜಗಳಾಡುತ್ತಿದ್ದವು. ಅವೆರಡೂ ಒಂದನ್ನೊಂದು ಕಂಡೇ ಇಲ್ಲ, ಒಂದು ಸತ್ತು ಕೋಟಿಗಟ್ಟಲೆ ವರ್ಷವಾದ ಮೇಲೆ ಇನ್ನೊಂದು ಹುಟ್ಟಿತು ಎಂದರು ಮೇಡಂ. ಅತ್ತೆಗೆ ಬೇಜಾರಾಯಿತು. ಅಷ್ಟು ಜೇಬುಗಳ ಮೇಲೆ ಇಲ್ಲದ ಜಗಳ ಹೊಲಿದೆನಲ್ಲ ಎಂದು ಹಳಹಳಿಸಿದಳು. ಗೋದಾವರಿಯ ಕಡೆ ಸಿಕ್ಕ ಒಂದರ ಎಲುಬುಗಳನ್ನು ಹೈದರಾಬಾದಿನಲ್ಲಿ ಜೋಡಿಸಿ ನಿಲ್ಲಿಸಿದ್ದಾರೆ ಎಂದು ಕೇಳಿ, ಮಾಲು ಕೊಡಲು ಹೋಗುವಾಗ ನಿಮ್ಮನ್ನೂ ಒಯ್ಯುತ್ತೇನೆ ಎಂದು ಅಪ್ಪ ಮಾತು ಕೊಟ್ಟ. ಹೋಗುವುದು ಆಗಲಿಲ್ಲ. ಯಾವಾಗಲೂ ಮುಂದಿನ ಸಲ ಎಂಬುದೊಂದು ಇರುತ್ತಿತ್ತು.

ಒಂದು ಭಾನುವಾರ ಮೇಡಂ ನಮ್ಮಿಬ್ಬರನ್ನೂ ಸಂಗನಕಲ್ಲಿಗೆ ಕರೆದುಕೊಂಡು ಹೋದರು. ಪಾರಿ ಡಬ್ಬಿಯಲ್ಲಿ ಅವಲಕ್ಕಿಯ ಜೊತೆ ಅತ್ತೆಯ ಹಳೆಯ ಮೊಂಡು ಕತ್ತರಿಯನ್ನೂ ಇಟ್ಟುಕೊಂಡಿದ್ದಳು, ಎಲುಬು ಅಗೆಯಲು. ಗುಡ್ಡ ಹತ್ತಿದೆವು. ಬಂಡೆಗಳ ಮೇಲೆ ಸಾವಿರಾರು ವರ್ಷದ ಹಿಂದೆ ಯಾರೋ ಕುಟ್ಟಿ ಮೂಡಿಸಿದ ಗೂಳಿಗಳು, ಉದ್ದ ಕೊಂಬಿನವು. ಮೇಡಂ ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲು ತಟ್ಟಿದರು. ಅದು ಗಂಟೆಯಂತೆ ನುಡಿಯಿತು. ಪಾರಿ ತನ್ನ ಕತ್ತರಿ ತೆಗೆದು, ಎಲ್ಲಿ ಅಗೆಯಬೇಕು ಎಂದು ಸನ್ನೆಯಲ್ಲಿ ಕೇಳಿದಳು. ಮೇಡಂ ಅವಳ ಪಕ್ಕದಲ್ಲಿ ಕೂತು, ಬಳ್ಳಾರಿಯ ಈ ಗುಡ್ಡಗಳಲ್ಲಿ, ಕುರುಗೋಡಿನ ಗುಡ್ಡಗಳಲ್ಲಿ ಕೂಡ, ಡೈನೋಸಾರಿನ ಎಲುಬು ಸಿಗುವುದಿಲ್ಲ ಎಂದರು. ಈ ಕಲ್ಲು ಅವುಗಳಿಗಿಂತ ಬಹಳ ಹಳೆಯದು. ಇದು ಗಟ್ಟಿಯಾದಾಗ ಭೂಮಿಯ ಮೇಲೆ ಎಲುಬು ಎಂಬುದೇ ಇರಲಿಲ್ಲ. ಅವಳು ಅಳುತ್ತಾಳೆ ಎಂದುಕೊಂಡೆ. ಅವಳು ಒಂದೊಂದೇ ಮಾತಿಗೆ ಬೆರಳು ತಟ್ಟಿಕೊಳ್ಳುತ್ತ ಹೇಳಿದಳು.

“ಹಂಗಾರ ಇಲ್ಲಿ ಯಾವುದೂ ಸತ್ತಿಲ್ಲಲ್ಲ ಮೇಡಂ.”

ಮೇಡಂ ಅವಳ ತಲೆಯ ಮೇಲೆ ಕೈಯಿಟ್ಟರು. ನಾವು ಅಲ್ಲೇ ಕೂತು ಅವಲಕ್ಕಿ ತಿಂದೆವು. ನನ್ನ ಬದುಕಿನಲ್ಲಿ ಪೂರ್ತಿ ಸುಖವಾಗಿದ್ದ ದಿನ ಯಾವುದು ಎಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ.

ಮರುವರ್ಷ ಮೇಡಂ ಮದುವೆಯಾಗಿ ಹೊರಟರು. ಹೋಗುವ ಮುನ್ನ ಅಪ್ಪನಿಗೆ, ತಾನು ಡಾಕ್ಟರಲ್ಲ, ಮೈಸೂರಿನಲ್ಲಿ ಇಂಥ ಮಕ್ಕಳಿಗೆ ಮಾತು ಕಲಿಸುವವರಿದ್ದಾರೆ, ತಪ್ಪದೆ ಕರೆದುಕೊಂಡು ಹೋಗಿ ಎಂದು ಹೇಳಿದರು. ಸೀಜನ್ ಮುಗಿಯಲಿ ಎಂದ ಅಪ್ಪ. ಹೆಸರುಗಳಲ್ಲಿ ಬಂದ ತಾಳ ಬೇರೆ ಮಾತಿಗೆ ಬರಲಿಲ್ಲ. ಮೇಡಂ ಇದ್ದಷ್ಟು ದಿನ ಸ್ವಲ್ಪ ಬಂದಂತಿತ್ತು, ಆಮೇಲೆ ಕೂಡಿಸುವವರಿಲ್ಲದೆ ಚೆದುರಿಹೋಯಿತು. ತನ್ನ ಹೆಸರಿನ ಎದುರು ಅವಳು ಹಿಂದಿನಂತೆಯೇ ತುಟಿ ಬಿಗಿದು ನಿಲ್ಲುತ್ತಿದ್ದಳು. ಮೈಸೂರಿಗೆ ಹೋಗುವ ಮಾತು ಕೆಲವು ವರ್ಷ ಮನೆಯಲ್ಲಿತ್ತು. ಆಮೇಲೆ ಅಪ್ಪನೇ ಇರಲಿಲ್ಲ. ಕಟಿಂಗ್ ಮೇಜಿನ ಮೇಲೆ ತಲೆಯಿಟ್ಟು ಮಲಗಿದವನು ಏಳಲಿಲ್ಲ. ಅವನಿಲ್ಲದೆ ಕೆಲಸ ನಿಂತಿತು, ಹೆಂಗಸರು ಬೇರೆ ಕಡೆ ಹೋದರು. ರಸ್ತೆ ಅಗಲ ಮಾಡುವಾಗ ನಮ್ಮ ಪಡಸಾಲೆ ಪೂರ್ತಿ ಹೋಯಿತು. ಮನೆಯ ಗೋಡೆಯನ್ನು ಜೆಸಿಬಿ ಕೆಡವುವಾಗ ಅತ್ತೆ ರಸ್ತೆಯ ಆಚೆ ಸ್ಟೂಲು ಹಾಕಿಕೊಂಡು ಕೂತು ಪೂರ್ತಿ ನೋಡಿದಳು. ಇಟ್ಟಿಗೆಯ ಸಂದಿಯಲ್ಲಿ ಅಷ್ಟು ವರ್ಷಗಳ ನೀಲಿ ನೂಲಿನ ಧೂಳು ಸೇರಿಕೊಂಡಿತ್ತು. ಗೋಡೆ ಬಿದ್ದಾಗ ಅದು ಮೇಲೆದ್ದು, ಒಂದು ಕ್ಷಣ ಗಾಳಿಯೇ ನೀಲಿಯಾಯಿತು.

ಮದುವೆಗೆಂದು ಪಾರಿಯನ್ನು ನೋಡಲು ಬರುವವರು ಮೊದಲು ಕೇಳುವ ಮಾತು ಒಂದೇ. ನಿನ್ನ ಹೆಸರೇನವ್ವಾ? ಚಹಾದ ತಟ್ಟೆ ಹಿಡಿದು ಅವಳು ನಿಂತಿರುತ್ತಿದ್ದಳು. ಅತ್ತೆ ನಡುವೆ ಬಾಯಿ ಹಾಕಿ ಹೇಳಿಬಿಡುತ್ತಿದ್ದಳು. ಬಂದವರು ಒಬ್ಬರ ಮುಖ ಒಬ್ಬರು ನೋಡಿ ಎದ್ದು ಹೋಗುತ್ತಿದ್ದರು. ಕಡೆಗೆ ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯಿಂದ ವೀರೇಶ ಬಂದ. ಕಾಲುವೆ ನೀರಿನ ಭತ್ತದ ಗದ್ದೆ, ಟ್ರ್ಯಾಕ್ಟರು, ತಾಯಿ, ಇಬ್ಬರು ಅಣ್ಣಂದಿರು, ಅವರ ಸಂಸಾರ. ಅವನು ಹೆಸರು ಕೇಳಲಿಲ್ಲ. ಮಾತು ಕಡಿಮೆಯಾದರೆ ಏನಾಯಿತು, ನಮ್ಮ ಮನೆಯಲ್ಲಿ ಮಾತಾಡುವವರು ಬೇಕಾದಷ್ಟಿದ್ದಾರೆ ಎಂದ. ಒಳ್ಳೆಯವನು. ಈಗಲೂ ಅವನ ಬಗ್ಗೆ ನನ್ನಲ್ಲಿ ಕೆಟ್ಟ ಮಾತಿಲ್ಲ. ಆದರೆ ಅವನು ಹೇಳಿದ್ದು ನಿಜವೇ ಆಗಿತ್ತು. ಆ ಮನೆಯಲ್ಲಿ ಎಲ್ಲರೂ ಮಾತಾಡುತ್ತಿದ್ದರು, ಪಾರಿಯ ಪರವಾಗಿಯೂ ಅವರೇ ಮಾತಾಡುತ್ತಿದ್ದರು. ಹಸಿವೆಯೇ, ತಲೆನೋವೇ, ತವರಿಗೆ ಹೋಗಬೇಕೇ ಎಂದು ಅವರೇ ಕೇಳಿ ಅವರೇ ಉತ್ತರ ಹೇಳುತ್ತಿದ್ದರು. ಅವಳು ತಲೆ ಆಡಿಸಿದರೆ ಸಾಕಿತ್ತು.

ಮದುವೆಯಾದ ಎರಡನೆಯ ವರ್ಷ ಹೆಣ್ಣು ಮಗು ಹುಟ್ಟಿತು. ಸಿರಿ ಎಂದು ಹೆಸರಿಟ್ಟರು. ಮಗುವಿನ ಮೊದಲ ಮಾತುಗಳು ಚೆನ್ನಾಗಿಯೇ ಬಂದವು. ಮೂರು ತುಂಬುವ ಹೊತ್ತಿಗೆ, ಮಾತು ಉದ್ದವಾಗತೊಡಗಿದಾಗ, ಒಂದು ದಿನ ‘ಕ-ಕ-ಕ’ ಎಂದು ನಿಂತಿತಂತೆ. ಮರುದಿನವೂ ನಿಂತಿತು. ಅತ್ತೆಮ್ಮ, ಅಂದರೆ ವೀರೇಶನ ತಾಯಿ, ಗದರಿಸುವ ಹೆಂಗಸಲ್ಲ. ಸೊಸೆಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, ತಲೆ ಬಾಚುತ್ತ, ಮಗು ತಾಯಿಯ ಬಾಯಿ ನೋಡಿಯೇ ಮಾತು ಕಲಿಯುವುದು, ಅದರ ನಾಲಗೆ ಗಟ್ಟಿಯಾಗುವ ತನಕ ನೀನು ಅದರ ಮುಂದೆ ಮಾತಾಡಬೇಡ ಎಂದು ಮೆಲ್ಲಗೆ ಹೇಳಿದಳಂತೆ. ಪಾರಿ ಒಪ್ಪಿಕೊಂಡಳು. ಬೈದಿದ್ದರೆ ಒಪ್ಪುತ್ತಿರಲಿಲ್ಲವೇನೋ. ಅಂದಿನಿಂದ ಅವಳು ತನ್ನ ಮಗಳ ಜೊತೆ ಮಾತು ಬಿಟ್ಟಳು.

ನನಗೆ ಇದು ಗೊತ್ತಾದದ್ದು ಆ ವರ್ಷದ ಬೇಸಿಗೆಯಲ್ಲಿ ಹಚ್ಚೊಳ್ಳಿಗೆ ಹೋದಾಗ. ಮಗು ಅಂಗಳದಿಂದ ಓಡಿಬಂದು ಏನೋ ಕೇಳಿತು. ಪಾರಿ ಬೆರಳು ತೋರಿಸಿದಳು. ಮಗು ಮತ್ತೆ ಕೇಳಿತು. ಅವಳು ನಕ್ಕು ಅದರ ಕೆನ್ನೆ ಸವರಿದಳು. ಮೂಕ ತಾಯಿಯಂತೆ. ಮಧ್ಯಾಹ್ನ ಮನೆಯವರೆಲ್ಲ ಗದ್ದೆಗೆ ಹೋದ ಮೇಲೆ ಅವಳು ಮಗುವನ್ನು ಹಿತ್ತಲ ಬೇವಿನ ಕೆಳಗೆ ಕೂಡಿಸಿಕೊಂಡು ಊಟ ಮಾಡಿಸತೊಡಗಿದಳು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಒಂದು ತುತ್ತು ಬಾಯಿಗಿಟ್ಟು, ಮಗುವಿನ ತೊಡೆಯ ಮೇಲೆ ಬೆರಳು ತಟ್ಟುತ್ತ, ಬಹಳ ಮೆಲುವಾಗಿ ಹೇಳಿದಳು: ಸ್ಟೆ-ಗೊ-ಸಾ-ರಸ್. ಇನ್ನೊಂದು ತುತ್ತು. ಬ್ರೇ-ಕಿ-ಯೊ-ಸಾ-ರಸ್. ಮಗು ಕಣ್ಣರಳಿಸಿ ಅವಳ ತುಟಿಯನ್ನೇ ನೋಡುತ್ತ ಅಗಿಯುತ್ತಿತ್ತು. ಚಂದ್ರನಿಲ್ಲ, ಕಾಗೆಯಿಲ್ಲ, ಗುಬ್ಬಿಯಿಲ್ಲ. ಆ ತಾಯಿ ಮಗಳ ನಡುವೆ ಇದ್ದದ್ದು ಸತ್ತುಹೋದ ಪ್ರಾಣಿಗಳ ಹೆಸರು ಮಾತ್ರ. ನನ್ನನ್ನು ಕಂಡು ಅವಳು ನಾಚಿದಳು. ಆಮೇಲೆ, ಮಗು ಮಲಗಿದ ಮೇಲೆ, ಪಾತ್ರೆ ತಿಕ್ಕುತ್ತ, ತಡೆತಡೆದು, ಉಸಿರು ಹುಡುಕಿಕೊಳ್ಳುತ್ತ ನನಗೆ ಹೇಳಿದಳು. ಅವಳ ಉಗ್ಗನ್ನು ನಾನಿಲ್ಲಿ ಬರೆಯುವುದಿಲ್ಲ.

“ಇವಷ್ಟ ನನ್ನ ಬಾಯಾಗ ಕೆಡಂಗಿಲ್ಲ ಅಕ್ಕಾ. ಅದಕ್ಕ ಇವನ್ನಷ್ಟ ಕೊಡ್ತೀನಿ ಆಕಿಗೆ.”

ನಾನು ಬಳ್ಳಾರಿಗೆ ಬಂದು ಮಕ್ಕಳ ಡಾಕ್ಟರನ್ನು ಕೇಳಿದೆ. ಉಗ್ಗು ಕೇಳಿ ಅಂಟುವ ರೋಗವಲ್ಲ, ಈ ವಯಸ್ಸಿನಲ್ಲಿ ಎಷ್ಟೋ ಮಕ್ಕಳಿಗೆ ಬಂದು ತಾನಾಗಿಯೇ ಹೋಗುತ್ತದೆ, ತಾಯಿ ಧಾರಾಳವಾಗಿ ಮಾತಾಡಲಿ ಎಂದರು. ಮತ್ತೆ ಬಸ್ಸು ಹತ್ತಿ ಹಚ್ಚೊಳ್ಳಿಗೆ ಹೋಗಿ ಎಲ್ಲರ ಎದುರಿಗೂ ಹೇಳಿದೆ. ಅತ್ತೆಮ್ಮ ಕೇಳಿಸಿಕೊಂಡು ತಲೆದೂಗಿದಳು. ವೀರೇಶ ಹೆಂಡತಿಗೆ, ನೀ ಮಾತಾಡು ಎಂದ. ಅವಳೂ ತಲೆಯಾಡಿಸಿದಳು, ಮಾತಾಡಲಿಲ್ಲ. ನಾನು ಹೊರಡುವಾಗ ಬಸ್ ಸ್ಟ್ಯಾಂಡಿನ ತನಕ ಬಂದಳು. ಯಾಕೆ ಹೀಗೆ ಎಂದು ಗೋಗರೆದೆ. ಡಾಕ್ಟರು ಹೇಳಿದ್ದು ತಪ್ಪಾಗಿದ್ದರೆ, ಎಂದಳು. ಮಾತು ಬಿಟ್ಟರೆ ತನಗೇನೂ ಆಗುವುದಿಲ್ಲ, ಮಗಳು ನಾಳೆ ಯಾರದೋ ಮುಂದೆ ಚಹಾದ ತಟ್ಟೆ ಹಿಡಿದು ನಿಲ್ಲುವುದು ಬೇಡ ಎಂದಳು. ನಾನು ಬಸ್ಸು ಹತ್ತಿದೆ.

ಮಾತು ಬಿಡುವುದು ಒಂದು ಚಟವಂತೆ. ಮೊದಲು ಮಗಳ ಮುಂದೆ ಬಿಟ್ಟಳು, ಆಮೇಲೆ ಎಲ್ಲರ ಮುಂದೆ ಬಿಟ್ಟಳು. ಫೋನಿನಲ್ಲಿ ನಾನು ಮಾತಾಡುತ್ತಿದ್ದೆ, ಅವಳು ಹೂಂ ಎನ್ನುತ್ತಿದ್ದಳು. ಚೆನ್ನತ್ತೆ ಸತ್ತಾಗ ಬಂದು ಹೆಣದ ಪಕ್ಕದಲ್ಲಿ ಕೂತು ಶಬ್ದವಿಲ್ಲದೆ ಅತ್ತು ಹೋದಳು. ಮೂರು ಮಳೆಗಾಲದ ಹಿಂದೆ, ನಾಟಿಯ ದಿನಗಳಲ್ಲಿ, ಅವಳಿಗೆ ಹೊಟ್ಟೆನೋವು ಶುರುವಾಯಿತು. ಯಾರಿಗೂ ಹೇಳಲಿಲ್ಲ. ಆಳುಗಳಿಗೆ ರೊಟ್ಟಿ ಬಡಿದಳು, ಬುತ್ತಿ ಹೊತ್ತಳು. ಒಲೆಯ ಮುಂದೆ ಕುಸಿದು ಬಿದ್ದ ಮೇಲೆಯೇ ಮನೆಯವರಿಗೆ ತಿಳಿದದ್ದು. ಸಿರುಗುಪ್ಪಕ್ಕೆ ಒಯ್ದರು, ಅಲ್ಲಿಂದ ಬಳ್ಳಾರಿಗೆ ಕಳಿಸಿದರು. ನಾನೂ ಅವ್ವನೂ ಆಸ್ಪತ್ರೆಗೆ ಓಡಿದೆವು. ಎಂದಿನಿಂದ ನೋವು ಎಂದು ಡಾಕ್ಟರು ಕೇಳುತ್ತಿದ್ದರು. ಅವಳ ತುಟಿಗಳು ಕೂಡಿ, ಕತ್ತಿನ ನರ ಉಬ್ಬಿ, ಕಣ್ಣು ಮೇಲಕ್ಕೆ ಹೋಯಿತು. ಅತ್ತೆಮ್ಮ ಎಂದಿನಂತೆ ತಾನೇ ಹೇಳಿದಳು, ನಿನ್ನಿಯಿಂದರಿ. ಪಾರಿ ಇಲ್ಲವೆಂದು ತಲೆಯಾಡಿಸಿ, ನಾಲ್ಕು ದಿನ ಎಂದು ನಾಲ್ಕು ಬೆರಳು ಎತ್ತಿ ತೋರಿಸಿದಳು. ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆ ತುಂಬಿತ್ತು. ಕೂಡಲೇ ಆಪರೇಷನ್ನಿಗೆ ತಯಾರು ಮಾಡಿದರು. ನರ್ಸೊಬ್ಬಳು ಕೈಗೆ ಪಟ್ಟಿ ಕಟ್ಟಲು ಬಂದು ಹೆಸರು ಕೇಳಿದಳು. ನಾನು ಬಾಯಿ ತೆರೆದೆ. ಪೇಷಂಟೇ ಹೇಳಬೇಕು ಎಂದು ನರ್ಸು ಕೈ ಅಡ್ಡ ಮಾಡಿದಳು.

ಪಾರಿ ಕಣ್ಣು ಮುಚ್ಚಿದಳು. ಪ್ರಯತ್ನ ಮಾಡುತ್ತಾಳೆ ಎಂದುಕೊಂಡೆ. ಆದರೆ ಅವಳು ತುಟಿ ಕೂಡಿಸಲೇ ಇಲ್ಲ. ಬಾಯಿ ತೆರೆದು, ಸರಾಗವಾಗಿ, “ಆರ್ವತಿ” ಎಂದಳು. ನರ್ಸು ‘ಆರತಿ’ ಎಂದು ಬರೆದು ಪಟ್ಟಿ ಕಟ್ಟಿದಳು. ನಾನು ಅವಳನ್ನು ಕರೆದು ತಿದ್ದಿಸಲು ಹೊರಟೆ. ಪಾರಿ ನನ್ನ ಕೈ ಹಿಡಿದಳು. ಜ್ವರದಲ್ಲಿ ಅವಳ ಅಂಗೈ ಸುಡುತ್ತಿತ್ತು, ಮುಖದಲ್ಲಿ ಹುಡುಗಿಯಾಗಿದ್ದಾಗಿನ ಒಂದು ತುಂಟ ನಗು ಇತ್ತು.

“ಇರ್ಲಿ ಬಿಡಕ್ಕಾ,” ಎಂದಳು.

ನಾನು ಕೇಳಿದ ಅವಳ ಕೊನೆಯ ಮಾತು ಅದು. ವೀರೇಶ ಪಟ್ಟಿ ನೋಡಿ ತಾನೇ ಹೋಗಿ ಸರಿಮಾಡಿಸಿದನಂತೆ. ಆಪರೇಷನ್ ಆಯಿತು. ಅವಳಿಗೆ ಎಚ್ಚರವಾಗಲಿಲ್ಲ. ಹಚ್ಚೊಳ್ಳಿಯ ಗದ್ದೆಯ ಬದಿಯಲ್ಲಿ ಅವರ ಮನೆತನದ ಜಾಗದಲ್ಲಿ ನಮ್ಮವರ ಪದ್ಧತಿಯಂತೆ ಅವಳನ್ನು ಕೂಡಿಸಿ ಮಣ್ಣು ಮಾಡಿದರು. ಬಳ್ಳಾರಿಯ ಬಂಡೆಯಂಥ ನೆಲವಲ್ಲ ಅದು, ಮೆತ್ತನೆಯ ಕರಿಮಣ್ಣು. ಗುದ್ದಲಿ ಇಳಿಯುವ ಸದ್ದೇ ಬರಲಿಲ್ಲ. ಅವ್ವ ಅಲ್ಲಿಂದ ಬಂದವಳು ನನ್ನ ಬಾಡಿಗೆ ಮನೆಯ ಒಂದು ಮೂಲೆ ಹಿಡಿದಳು. ಅವಳ ಮುಂದೆ ನಾನು ತಂಗಿಯ ಹೆಸರು ತೆಗೆಯುವುದಿಲ್ಲ, ನನ್ನ ಮುಂದೆ ಅವಳೂ ತೆಗೆಯುವುದಿಲ್ಲ.

ಸಿರಿಗೆ ಈಗ ಏಳು ತುಂಬುತ್ತಿದೆ. ಅವಳ ಉಗ್ಗು ಹೋಗಿದೆ. ತಾಯಿ ಹೋದ ಕೆಲವು ತಿಂಗಳಲ್ಲೇ, ಡಾಕ್ಟರು ಹೇಳಿದಂತೆ, ತಾನಾಗಿ ಹೋಯಿತು. ಈಗ ಅವಳು ಮಾತಿನ ಮಲ್ಲಿ. ಕರು ಹಾಕಿದ್ದು, ಟ್ರ್ಯಾಕ್ಟರು ಕೆಸರಲ್ಲಿ ಹೂತದ್ದು, ಸಾಲೆಯಲ್ಲಿ ಯಾರು ಯಾರಿಗೆ ಹೊಡೆದರು, ಎಲ್ಲವನ್ನೂ ಉಸಿರು ಬಿಡದೆ ಹೇಳುತ್ತಾಳೆ. ಕಳೆದ ಸಲ ಹೋದಾಗ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಬೆರಳು ತಟ್ಟುತ್ತ ಒಂದು ಹೆಸರು ಹೇಳಿದೆ. ಅವಳು ನಕ್ಕು, ಅದೇನು ಸೋಪಿನ ಹೆಸರೇ ಎಂದು ಕೇಳಿದಳು. ಇನ್ನೊಂದು ಹೇಳಿದೆ. ಅವಳಿಗೆ ಬೇಸರವಾಗಿ ಜಾರಿಕೊಂಡಳು. ಅತ್ತೆಮ್ಮ ಅಕ್ಕಿ ಆರಿಸುತ್ತ ಕೂತಿದ್ದವಳು ಮೊಮ್ಮಗಳನ್ನು ನೋಡುತ್ತ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಪುಣ್ಯಾತ್ಗಿತ್ತಿ ನಿಮ್ಮ ತಂಗಿ,” ಎಂದಳು. “ತನ್ನ ಬಾಯಿ ಕಟ್ಟಿಕೊಂಡು ಮಗಳಿಗಿ ಮಾತು ಕೊಟ್ಟು ಹೋದ್ಲು ನೋಡ್ರಿ.”

ಡಾಕ್ಟರು ಹೇಳಿದ ಮಾತು ನನ್ನ ನಾಲಗೆಯ ತುದಿಗೆ ಬಂತು. ಆ ಮೌನದಿಂದ ಏನೂ ಆಗಿಲ್ಲ, ಅದು ಇಲ್ಲದಿದ್ದರೂ ಮಗು ಹೀಗೆಯೇ ಮಾತಾಡುತ್ತಿತ್ತು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಆ ಮುದುಕಿ ನಿಜವಾಗಿ ಅಳುತ್ತಿದ್ದಳು. ಅವಳ ನಂಬಿಕೆಯನ್ನು ಕಿತ್ತುಕೊಂಡರೆ ನನ್ನ ತಂಗಿಯ ಆ ವರ್ಷಗಳು ಬರಿದೇ ವ್ಯರ್ಥವಾಗಿ ಉಳಿಯುತ್ತವೆ. ಅವು ವ್ಯರ್ಥವೇ ಎಂಬುದು ಗೊತ್ತಿರುವವಳು ನಾನೊಬ್ಬಳು ಸಾಕು ಎನಿಸಿತು. ಅಕ್ಕಿಯಲ್ಲಿದ್ದ ಒಂದು ಕಲ್ಲು ಆರಿಸಿ ಹೊರಗೆ ಎಸೆದು, ಹೌದು ಎಂದೆ.

ಸಂಜೆ ಸಿರುಗುಪ್ಪದ ಬಸ್ಸಿಗೆ ಸಿರಿ ನನ್ನನ್ನು ಕಳಿಸಲು ಬಂದಳು. ನಾನು ಕಿಟಕಿಯ ಪಕ್ಕ ಕೂತೆ. ಅವಳು ಕೆಳಗೆ ನಿಂತು, ಚಪ್ಪಲಿಯ ತುದಿಯಿಂದ ಮಣ್ಣು ಕೆದರುತ್ತ, ಮತ್ತೇನನ್ನೋ ಹೇಳಲು ಶುರುಮಾಡಿದಳು. ಡ್ರೈವರು ಎಂಜಿನ್ನು ಚಾಲೂ ಮಾಡಿದ. ಅವಳು ನಿಲ್ಲಿಸಲಿಲ್ಲ, ಕೈ ಆಡಿಸುತ್ತ ಹೇಳುತ್ತಲೇ ಇದ್ದಳು. ನಾನು ಕಿಟಕಿಯ ಸರಳಿಗೆ ಕಿವಿಯಿಟ್ಟೆ, ಒಂದು ಮಾತೂ ತಿಳಿಯಲಿಲ್ಲ. ಬಸ್ಸು ಕಾಲುವೆಯ ಸೇತುವೆ ದಾಟಿ ತಿರುಗುವಾಗ ಹಿಂದಕ್ಕೆ ನೋಡಿದೆ. ಅವಳು ಇನ್ನೂ ಅಲ್ಲೇ ನಿಂತಿದ್ದಳು, ಬಾಯಿ ಆಡುತ್ತಲೇ ಇತ್ತು.